ಬೈಂಡರನ ಕಾವಲು ಪಟ್ಟಿ

ಬೈಂಡರ್ ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಪುಸ್ತಕ ಹೊಲಿದಿದ್ದ, ಒಂದನ್ನೂ ಓದಿರಲಿಲ್ಲ. ಪುಟದ ಅಂಕಿ ಸರಿಯಿದೆಯೇ, ಯಾವ ಹಾಳೆಯೂ ತಲೆಕೆಳಗಾಗಿಲ್ಲವೇ, ಅಷ್ಟು ನೋಡಿದರೆ ಅವನ ಕೆಲಸ ಮುಗಿಯಿತು. ಒಳಗೆ ರಾಜನಿದ್ದನೋ ರಸಾಯನಶಾಸ್ತ್ರವಿತ್ತೋ, ಅದನ್ನು ಕಟ್ಟಿಕೊಂಡು ಅವನಿಗೇನಾಗಬೇಕು? "ಓದ್ತಾ ಕೂತ್ರೆ ಅಂಟು ಒಣಗುತ್ತೆ" ಎನ್ನುತ್ತಿದ್ದ. ಪ್ರೆಸ್ಸಿನವರೆಲ್ಲ ನಗುತ್ತಿದ್ದರು. ಅಲ್ಲೇ ಕಾಗದ ಕತ್ತರಿಸುತ್ತಿದ್ದ ಅವನ ಹೆಂಡತಿಯೂ ನಗುತ್ತಿದ್ದಳು.

ಒಂದು ಮಧ್ಯಾಹ್ನ ಕಟಿಂಗ್ ಮಷಿನ್ ಆಕೆಯ ಎರಡು ಬೆರಳು ತೆಗೆದುಕೊಂಡಿತು. ಅಂದಿನಿಂದ ಬೈಂಡರ್ ನಾಲ್ಕು ವರ್ಷ ತಗಡು, ಹಳೇ ಸ್ಪ್ರಿಂಗುಗಳ ಜೊತೆ ಒದ್ದಾಡಿ ಅಲಗಿನ ಮುಂದೆ ಕೂರಿಸುವ ಒಂದು ಪಟ್ಟಿ ಮಾಡಿದ. ಕೈ ಒಳಗಿದ್ದರೆ ಸಾಕು, ಅಲಗು ಅರ್ಧಕ್ಕೇ ನಿಲ್ಲುತ್ತಿತ್ತು. ಅದಕ್ಕೆ 'ಕಾವಲು' ಎಂದು ಹೆಸರಿಟ್ಟ. ಮಾಲೀಕ ಬೆನ್ನು ತಟ್ಟಿ, ವಕೀಲರನ್ನು ಹಿಡಿದು ಪೇಟೆಂಟ್ ಮಾಡಿಸಿದ. 'ಕಂಡುಹಿಡಿದವರು' ಎಂಬಲ್ಲಿ ತನ್ನ ಹೆಸರಿದ್ದ ಸರ್ಟಿಫಿಕೇಟಿನ ನಕಲಿಗೆ ಬೈಂಡರ್ ರಟ್ಟು ಹಾಕಿ ಗೋಡೆಗೆ ತೂಗುಹಾಕಿದ. 'ಒಡೆಯರು' ಎಂಬಲ್ಲಿ ಯಾರ ಹೆಸರಿದೆಯೆಂದು ನೋಡುವ ಗೋಜಿಗೆ ಹೋಗಲಿಲ್ಲ, ಪುಣ್ಯಾತ್ಮ.

ಆಮೇಲೆ ಮಾಲೀಕ ಪ್ರೆಸ್ ಮುಚ್ಚಿ, ಪೇಟೆಂಟನ್ನು ಒಂದು ದೊಡ್ಡ ಮಷಿನ್ ಕಂಪನಿಗೆ ಮಾರಿದ. ಕಂಪನಿ ಒಂದೇ ಒಂದು ಕಾವಲನ್ನೂ ಮಾಡಲಿಲ್ಲ. ಹಳೇ ಮಷಿನ್ನಿಗೆ ಪಟ್ಟಿ ಹಾಕಿಕೊಂಡು ಜನ ಸುಮ್ಮನಾದರೆ ಅವರ ಹೊಸ ಮಷಿನ್ ಯಾರು ಕೊಳ್ಳುತ್ತಾರೆ?

ಮಗಳು ಬೇರೆ ಪ್ರೆಸ್ಸಿನಲ್ಲಿ ಕಟಿಂಗಿಗೆ ಸೇರಿದಾಗ ಬೈಂಡರ್ ಮನೆಯಲ್ಲೇ ಒಂದು ಕಾವಲು ಮಾಡಿ ಅವಳ ಮಷಿನ್ನಿಗೆ ಕೂರಿಸಿದ. ಮೂರು ತಿಂಗಳಿಗೆ ಕಂಪನಿಯ ನೋಟಿಸು ಬಂತು: ಹದಿನೈದು ದಿನದಲ್ಲಿ ಬಿಚ್ಚದಿದ್ದರೆ ಕೋರ್ಟು.

ಅವನು ಬೇರೊಬ್ಬ ವಕೀಲರ ಬಳಿ ಓಡಿದ. ಅವರು ಕಂಪನಿಯಿಂದ ಕಾಗದಪತ್ರ ತರಿಸಿಕೊಂಡು ವಾರದ ಮೇಲೆ ಬರಹೇಳಿದರು. "ಸಾರ್, ನಾನು ಮಾಡಿದ್ ಪಟ್ಟಿ. ನನ್ ಮಗಳಿಗೆ ನಾನೇ ಹಾಕ್ಕೊಟ್ರೆ ತಪ್ಪಾ?"

"ಕಂಡುಹಿಡಿದಿದ್ದು ನೀವೇ, ಇಲ್ಲ ಅಂದವ್ರ್ಯಾರು? ಆದ್ರೆ ಹಕ್ಕು ಬೇರೆ. ಪೇಟೆಂಟ್ ಯಾರದೋ ಅವರು ಬೇರೆಯವ್ರನ್ನ ತಡೀಬಹುದು. ಆ ಬೇರೆಯವ್ರಲ್ಲಿ ಈಗ ನೀವೂ ಒಬ್ರು." ವಕೀಲರು ಕಂಪನಿಯಿಂದ ತರಿಸಿದ್ದ ಪತ್ರವನ್ನು ಮುಂದಿಟ್ಟರು. "ಎಲ್ಲಾ ಹಕ್ಕನ್ನೂ ಮಾಲೀಕರಿಗೆ ಬರ್ಕೊಟ್ಟಿದ್ದೀರಲ್ಲ?"

ಸಹಿಗಿಂತ ಮೊದಲು ಬೈಂಡರ್ ಗುರುತಿಸಿದ್ದು ಹೊಲಿಗೆಯನ್ನು. ಅದು ಅವನದೇ. ಪೇಟೆಂಟ್ ಮಾಡಿಸುವಾಗ ಮಾಲೀಕ ಕೊಟ್ಟ ಹಾಳೆಗಳಲ್ಲಿ ಪೆನ್ಸಿಲ್ ಗುರುತಿದ್ದ ಕಡೆಯೆಲ್ಲ ಸಹಿ ಹಾಕಿ, ಒಂದರಿಂದ ಏಳರವರೆಗೆ ಅಂಕಿ ನೋಡಿ, ಹರಿಯದಿರಲೆಂದು ಮೂಲೆಗೆ ಬಟ್ಟೆಯನ್ನೂ ಅಂಟಿಸಿ, ತನ್ನ ಕೈಯಾರೆ ಹೊಲಿದು ಮಾಲೀಕನಿಗೆ ಕೊಟ್ಟಿದ್ದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅವ್ರೂ ಮಾಡಲ್ಲ, ನಮಗೂ ಬಿಡಲ್ಲ ಅಂದ್ರೆ ಹೆಂಗೆ ಸಾರ್?"

"ಮಾಡ್ತಿಲ್ಲ ಅಂತ ಲೈಸೆನ್ಸಿಗೆ ಅರ್ಜಿ ಹಾಕ್ಬಹುದು. ವರ್ಷಗಟ್ಟಲೆ ಎಳೆಯುತ್ತೆ. ಇಲ್ಲಾಂದ್ರೆ ಇನ್ನು ಹನ್ನೊಂದು ವರ್ಷಕ್ಕೆ ಪೇಟೆಂಟೇ ಮುಗಿಯುತ್ತೆ, ಆಗ ಯಾರು ಬೇಕಾದ್ರೂ ಮಾಡ್ಕೋಬಹುದು."

"ಅಷ್ಟರಲ್ಲಿ ಎಷ್ಟು ಬೆರಳು ಹೋಗ್ತವೆ ಸಾರ್?"

ವಕೀಲರು ಕನ್ನಡಕ ಒರೆಸತೊಡಗಿದರು.

ಹದಿನೈದನೆಯ ದಿನ ಮಗಳ ಪ್ರೆಸ್ಸಿನ ಮೇಲ್ವಿಚಾರಕ ಹೇಳಿಕಳಿಸಿದ. ಕಾವಲಿನ ಕೀಲು ತಿಳಿದವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಬೈಂಡರನೇ ಹೋಗಿ ಬಿಚ್ಚಬೇಕಾಯಿತು. ನಾಲ್ಕು ಸ್ಕ್ರೂ ಬಿಚ್ಚಲು ಒಂದು ಗಂಟೆ ಹಿಡಿಯಿತು.

"ಕೆಲ್ಸ ಬಿಟ್ಬಿಡು ಮಗಳೇ."

"ಬಿಟ್ರೆ ಮನೆ ನಡೆಯೋದು ಹೆಂಗಪ್ಪಾ? ಹೋಗು ನೀನು, ಹುಷಾರಾಗಿರ್ತೀನಿ."

'ಹುಷಾರಾಗಿರ್ತೀನಿ' ಎಂದು ಅವಳಮ್ಮನೂ ಹೇಳುತ್ತಿದ್ದಳು. ಅವನು ಹೋಗಲಿಲ್ಲ. ಪಕ್ಕದಲ್ಲೇ ನಿಂತ. ಮಗಳು ಕಾಗದದ ಕಟ್ಟನ್ನು ಒಳಗೆ ತಳ್ಳಿ ಪೆಡಲ್ ಮೇಲೆ ಕಾಲಿಡುವಾಗಲೆಲ್ಲ "ಕೈ!" ಎಂದು ಕೂಗಿದ. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿತ್ತು.

ಮರುದಿನ ಮೇಲ್ವಿಚಾರಕ ಬಾಗಿಲಲ್ಲೇ ತಡೆದ. "ಹೊರಗಿನವ್ರನ್ನ ಬಿಡೋ ಹಾಗಿಲ್ಲ ಯಜಮಾನ್ರೇ. ಬೇಜಾರ್ ಮಾಡ್ಕೋಬೇಡಿ."

ಈಗ ಬೈಂಡರ್ ದಿನವೂ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ, ಎತ್ತರದ ಕಿಟಕಿಯ ಕೆಳಗೆ ನಿಲ್ಲುತ್ತಾನೆ. ಅಲ್ಲಿಂದ ಮಗಳು ಕಾಣುವುದಿಲ್ಲ, ಮಷಿನ್ನಿನ ಸದ್ದು ಮಾತ್ರ ಕೇಳುತ್ತದೆ. ಅಲಗು ಬಿದ್ದಾಗಲೆಲ್ಲ ಅವನು "ಕೈ" ಎನ್ನುತ್ತಾನೆ, ಬಿದ್ದ ಮೇಲೆ.