ಆಡಿನ ಗೂಡಿನ ಪತ್ರಾ

ಡೊಂಬಿವಿಲಿಯ ಹೋಟೆಲು ಮಾರಿದ ಮೇಲೆ ನನ್ನ ಚಿಕ್ಕಪ್ಪನಿಗೆ ಸುಮ್ಮನೆ ಕೂರುವುದು ಆಗಿಬರಲಿಲ್ಲ. ಕಲ್ಯಾಣದ ಹೊರಗೆ, ಲೋಕಲ್ ಟ್ರೇನಿನ ಸದ್ದು ಕೇಳದಷ್ಟು ದೂರದಲ್ಲಿ ಒಂದು ತುಂಡು ಜಾಗ ತೆಗೆದುಕೊಂಡು, ಮನೆ ಕಟ್ಟಿ, ನಾಲ್ಕಾರು ಆಡು ಸಾಕಿದರು. ನೆರೂಳದಿಂದ ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಹೋದವಳಿಗೆ ಮೊದಲು ಆಡಿನ ಗೂಡಿನ ದರ್ಶನ, ಆಮೇಲೆ ಚಹಾ.

ಆ ಗೂಡನ್ನು ಕಟ್ಟಿದ ಚಿಕ್ಕಪ್ಪ ಉಡುಪಿಯ ಮಳೆಗೆ ಹೆದರಿ ಬೆಳೆದವರು. ನಮ್ಮವರಿಗೆ ತಲೆಯ ಮೇಲಿನ ಮಾಡು ಎಂದರೆ ಮಳೆ ತಡೆಯುವುದು, ಅಷ್ಟೇ. ತಗಡಿನ ಪತ್ರಾದ ಅಂಚನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಎರಚಲು ಬಾರದಂತೆ ಮೂರು ಕಡೆ ಮುಚ್ಚಿದ್ದರು. ಮಳೆಗಾಲದಲ್ಲಿ ಒಂದು ಹನಿ ಒಳಗೆ ಬೀಳಲಿಲ್ಲ. ಊರಿಗೆಲ್ಲ ಹೇಳಿಕೊಂಡು ಬೀಗಿದರು.

ಬೇಸಿಗೆ ಬಂತು. ಬಿಸಿಲೇರುತ್ತಿದ್ದಂತೆ ಆಡುಗಳು ಹೊರಗಿನ ಬೇವಿನ ಮರದ ಕೆಳಗೆ ಓಡುತ್ತಿದ್ದವು. ಬಿಸಿಲು ತಾಗುತ್ತದೆಂದು ಚಿಕ್ಕಪ್ಪ ಹಿಡಿದು ತಂದು ಮತ್ತೆ ಒಳಗೆ ಕಟ್ಟುತ್ತಿದ್ದರು. ಒಂದು ಬಿಳಿ ಆಡು ಗಬ್ಬವಾಗಿತ್ತು, ಅದಕ್ಕೆ ಮೊದಲನೆಯ ಸಲ. ಸೊಪ್ಪು ಮುಟ್ಟದೆ, ಬಾಯಿ ತೆರೆದು ತೇಕುತ್ತಿತ್ತು. ನೋಡಿಹೋದ ಪಶುವೈದ್ಯರು, ಗೂಡಿನ ಸೆಕೆ ಹೀಗೇ ಇದ್ದರೆ ಮರಿ ಉಳಿಯುವುದು ಕಷ್ಟ ಎಂದಿದ್ದರಂತೆ. ಚಿಕ್ಕಪ್ಪ ಹೋಟೆಲಿನ ಹಳೇ ಫ್ಯಾನು ತಂದು ಹಾಕಿದರು. ಅದು ಬಿಸಿಗಾಳಿಯನ್ನೇ ಸುತ್ತಿಸಿತು. ಪತ್ರಾದ ಮೇಲೆ ನೀರು ಸುರಿದರು. ಗಳಿಗೆ ಹೊತ್ತು ತಣಿದು ಮತ್ತೆ ಕಾಯಿತು.

ನನಗೆ ರೇಗಿತು. ಪತ್ರಾ ತೆಗೆದು ಹುಲ್ಲು ಹೊದಿಸಿ, ಬದಿಗಳನ್ನು ಬಿಚ್ಚಿ, ಗಾಳಿಯಾಡಲಿ ಎಂದೆ. ಮಳೆ ಬಂದರೆ ಏನು ಗತಿ ಎಂದು ಅವರ ಹಟ. ಆಕಾಶದಲ್ಲಿ ಮೋಡದ ಸುಳಿವೇ ಇರಲಿಲ್ಲ.

ಮಜ್ಜಿಗೆ ತಂದ ಚಿಕ್ಕಮ್ಮ ಲೋಟ ಕೆಳಗಿಟ್ಟರು. ಗಂಡನಿಗೆ ಅವರು ಎದುರು ಮಾತಾಡಿದ್ದನ್ನು ನಾನು ಕಂಡವಳಲ್ಲ. ಆ ದಿನವೂ ದನಿ ಏರಿಸಲಿಲ್ಲ.

"ಹೋಟೆಲಿನ ಅಡಿಗೆಕೋಣೆಗೂ ಇಂಥದ್ದೇ ಪತ್ರಾ ಹಾಕಿದ್ರಿ. ನಾನು ಬಸುರಿ ಇರುವಾಗ, ಸೆಕೆಗೆ ತಲೆ ತಿರುಗ್ತದೆ ಅಂತ ಹೇಳಿದ್ದೆ. ಮಳೆಗೆ ಸೋರುದಿಲ್ಲ ಅಲ್ವಾ ಅಂದ್ರಿ."

ಅವರಿಗೆ ಮಕ್ಕಳಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತೆಂಬುದು ಗೊತ್ತಿರಲಿಲ್ಲ. ಲೋಟ ಎತ್ತಿ ಮಜ್ಜಿಗೆ ಕುಡಿದೆ.

ಚಿಕ್ಕಪ್ಪ ಸ್ಟೂಲು ತಂದು ಹತ್ತಿದರು. ಪತ್ರಾ ತಾಗಿ ಕೈ ಚುರ್ ಎಂದಿರಬೇಕು, ಹಿಂದೆಳೆದುಕೊಂಡರು. ಬಟ್ಟೆ ಸುತ್ತಿಕೊಳ್ಳಿ ಎಂದೆ. ಕೇಳಿಸದವರಂತೆ ಬರಿಗೈಯಲ್ಲೇ ಬೋಲ್ಟು ಬಿಚ್ಚತೊಡಗಿದರು. ಚಿಕ್ಕಮ್ಮ ಸ್ಟೂಲಿನ ಕಾಲು ಹಿಡಿದು ನಿಂತರು. ಸಂಜೆಯ ಹೊತ್ತಿಗೆ ಬಿದಿರು ಹಾಸಿ ಭತ್ತದ ಹುಲ್ಲು ಹೊದಿಸಿಯಾಗಿತ್ತು. ಬಿಳಿ ಆಡು ಕಾಲು ಮಡಚಿ ಮಲಗಿ, ಸ್ವಲ್ಪ ಸೊಪ್ಪು ತಿಂದಿತು.

ಮಳೆಗೆ ಮುಂಚೆ ಅದು ಮರಿ ಹಾಕಿತು. ಫೋನು ಮಾಡಿದವರು ಚಿಕ್ಕಪ್ಪ. ಮರಿ ಗಟ್ಟಿಯಾಗಿದೆ, ಆಗಲೇ ಎದ್ದು ನಿಂತಿತು ಎಂದರು. ಚಿಕ್ಕಮ್ಮನಿಗೆ ಕೊಡಿ ಎಂದೆ.

"ಅವಳು ಮರಿಯನ್ನು ಮಡಿಲಲ್ಲಿ ಇಟ್ಕೊಂಡು ಕೂತಿದ್ದಾಳೆ, ಮಗಾ. ಕರೀಲಿಕ್ಕೆ ನನಗೆ ಬಾಯಿ ಬರುದಿಲ್ಲ."