ಲಿಂಗಸುಗೂರಿಗೆ ಒಯ್ದ ಸೀತಾಫಲದ ಎಲೆ

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಸಿಂಧನೂರಿನಿಂದ ಬಸ್ಸು ಹೊರಟಿತು. ತಂಗಿ ಶಾಂತಾಳಿಗೆ ಶೂನ್ಯ ದರದ ಟಿಕೆಟ್ಟು, ನನಗೆ ಹಣದ್ದು. ಗೊರೇಬಾಳದ ಸೊಸೆಯಾದ ಆಕೆಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆಗಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ನರಕ್ಕೆ ಏರಿಸುವ ಕಿಮೋ ಔಷಧದ ಎರಡು ಸುತ್ತುಗಳು ಮುಗಿದಿದ್ದವು. ಮೂರನೆಯದು ಗುರುವಾರಕ್ಕಿತ್ತು. ಅದಕ್ಕೆ ಹೋಗುವುದಿಲ್ಲವೆಂದು ಆಕೆ ಹಟ ಹಿಡಿದಿದ್ದಳು.

ಕಾರಣ, ಮೊಬೈಲಿಗೆ ಬಂದ ಒಂದು ವಾಕ್ಯ: ‘ಸೀತಾಫಲದ ಎಲೆಯ ಸಾರವು ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಸಾಯಿಸುತ್ತದೆ.’ ಇಪ್ಪತ್ತೆರಡು ವರ್ಷ ಕನ್ನಡ ವ್ಯಾಕರಣ ಕಲಿಸಿದ ನನಗೆ ಅದರಲ್ಲಿ ಕಾಗುಣಿತದ ಒಂದು ತಪ್ಪೂ ಸಿಗಲಿಲ್ಲ. ಹಾಗಾಗಿಯೇ ನಾನೂ ಅದನ್ನು ಅರ್ಧ ನಂಬಿದೆನೆಂದು ಒಪ್ಪಿಕೊಳ್ಳಬೇಕು. ಲಿಂಗಸುಗೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ಹಳೆಯ ವಿದ್ಯಾರ್ಥಿನಿ ಮಂಜುಳಾ ಇಂಥ ಸಸ್ಯಸಾರಗಳ ಮೇಲೆಯೇ ಸಂಶೋಧನೆ ಮಾಡಿದವಳು. ಅವಳು ಹೇಳಿದಂತೆ ಕೇಳುವೆನೆಂದು ಶಾಂತಾ ಮಾತು ಕೊಟ್ಟಿದ್ದಳು.

ಭತ್ತದ ಹಸಿರು ಮುಗಿದು ಬಂಡೆಗಲ್ಲುಗಳು ಕಾಣಿಸಿಕೊಂಡಾಗ ಮಸ್ಕಿ ಬಂದಿತು. ಅಲ್ಲಿ ಇಳಿದು ಮಂಡಕ್ಕಿ ಸುಸಲಾ ತಿಂದೆವು. ಬಾಯಿಗೆ ರುಚಿಯಿಲ್ಲದ ಶಾಂತಾ ಎರಡೇ ತುತ್ತು ತಿಂದಳು. ಅವಳು ಕೇಳಿದ್ದಕ್ಕೆ, ಗುಡ್ಡದ ಬುಡದಲ್ಲಿ ಆಡು ಮೇಯಿಸುತ್ತಿದ್ದ ಮುದುಕನೊಬ್ಬ ಸೀತಾಫಲದ ಗಿಡ ತೋರಿಸಿದ.

“ಎಷ್ಟ್ ಬೇಕಾದ್ರೂ ಹರಕೊಳ್ಳವ್ವ. ನನ್ನ ಆಡು ಕಲ್ಲು ಬಿಟ್ಟು ಎಲ್ಲಾ ತಿಂತಾವ, ಇದನ್ನ ಮಾತ್ರ ಮೂಸಂಗಿಲ್ಲ.”

“ಅಷ್ಟು ಜೋರ್ ಐತಿ ಅಂತಾತು,” ಎಂದು ಶಾಂತಾ ಚೀಲ ತುಂಬಿದಳು.

“ಇಲ್ಲಾ ಅಂದ್ರ ನನ್ನ ಆಡು ಶಾಣ್ಯಾ ಅದಾವ!”

ಮುಂದಿನ ಬಸ್ಸು ಹಿಡಿದು ಲಿಂಗಸುಗೂರು ತಲುಪಿದಾಗ ಹನ್ನೊಂದೂವರೆ, ಬಿಸಿಲು ಏರಿತ್ತು. ಕಾಲೇಜಿನ ಕೋಣೆಯಲ್ಲಿ ಮಂಜುಳಾ ಆ ವಾಕ್ಯವನ್ನೂ ಆಸ್ಪತ್ರೆಯ ಚೀಟಿಯನ್ನೂ ಓದಿದಳು.

“ಸಾಯ್ತಾವ್ರೀ ಅಕ್ಕಾರ. ನಾನ ಕಣ್ಣಾರೆ ನೋಡೀನಿ.”

ಶಾಂತಾ ನನ್ನತ್ತ ತಿರುಗಿದಳು. “ಕೇಳಿದೇನಣ್ಣಾ?”

ಹಾಳಾದಾಗ ತಾನೇ ಸಾಯಬೇಕೆಂಬ ಆಜ್ಞೆ ಪ್ರತಿ ಜೀವಕೋಶದೊಳಗೂ ಇರುತ್ತದೆ. ಕ್ಯಾನ್ಸರಿನ ಜೀವಕೋಶ ಅದನ್ನು ಪಾಲಿಸುವುದಿಲ್ಲ. ಕೆಲವು ಸಸ್ಯಸಾರಗಳು ಆ ಆಜ್ಞೆಯನ್ನು ಮತ್ತೆ ಎಬ್ಬಿಸುತ್ತವೆ, ಆಗ ಜೀವಕೋಶ ಕುಗ್ಗಿ ಚೂರುಚೂರಾಗುತ್ತದೆ ಎಂದು ಮಂಜುಳಾ ವಿವರಿಸಿದಳು. ಹಾಗಾದರೆ ವಾಕ್ಯದ ಪ್ರೇರಣಾರ್ಥಕ ಕ್ರಿಯಾಪದ ಸರಿಯಾಗಿಯೇ ಇದೆ. ಕರ್ತೃವೂ ಇದೆ, ಕರ್ಮವೂ ಇದೆ. ಸ್ಥಳ ಹೇಳುವ ಸಪ್ತಮಿ ವಿಭಕ್ತಿಯ ಪದ ಎಲ್ಲಿ?

“ಎಲ್ಲಿ ಸತ್ತವಮ್ಮಾ?” ಎಂದೆ.

“ಲ್ಯಾಬಿನ ಪ್ಲಾಸ್ಟಿಕ್ ತಟ್ಟ್ಯಾಗ, ಸರ. ಅಲ್ಲಿ ಹೊಟ್ಟಿ ಇಲ್ಲ, ಲಿವರ್ ಇಲ್ಲ, ರಕ್ತ ಇಲ್ಲ.”

ವಾಕ್ಯದಲ್ಲಿ ಬಿಟ್ಟುಹೋದ ಪದ ಅದೊಂದೇ.

ಶಾಂತಾ ಬೇರೆಯದೇ ಪ್ರಶ್ನೆ ಕೇಳಿದಳು. “ಆ ಜೀವಕೋಶ ಯಾರವು?”

“ಪರದೇಶದ ಒಬ್ಬ ಹೆಣ್ಮಗಳವು. ಆಕಿಗೂ ಇದ ರೋಗ. ತೀರಿಹೋಗಿ ಭಾಳ ವರ್ಷ ಆತು. ಜೀವಕೋಶ ಮಾತ್ರ ಲ್ಯಾಬಿನ್ಯಾಗ ಇನ್ನೂ ಬೆಳ್ಯಾಕತ್ತಾವ.”

“ಆಕಿ ಹೋದ್ಲು, ಆಕಿ ರೋಗ ಉಳೀತು?” ಶಾಂತಾ ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು. “ತಟ್ಟ್ಯಾಗ ಎಷ್ಟು ಸತ್ತರೇನವ್ವಾ, ಆಕಿಗೇನು ಬಂತು?”

ಮಂಜುಳಾ ಆಸ್ಪತ್ರೆಯ ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡಳು.

“ನಿಮಗ ಏರಿಸಾಕತ್ತಿದ್ದೂ ಮೊದಲು ಒಂದು ಮರದ ತೊಗಟ್ಯಾಗ ಸಿಕ್ಕದ್ದ ಅಕ್ಕಾ,” ಎಂದಳು ಮಂಜುಳಾ. “ಮನುಷ್ಯಾರಿಗೆ ಎಷ್ಟು ಕೊಟ್ರ ತಡೀತೈತಿ ಅಂತ ಅಳತಿ ಕಂಡುಹಿಡ್ಯಾಕ ವರ್ಷಗಟ್ಟಲೆ ಬೇಕಾತು.”

“ಈ ಎಲಿ ಅಳತಿ?”

“ನನಗ ಗೊತ್ತಿಲ್ಲಕ್ಕಾ. ಯಾರಿಗೂ ಗೊತ್ತಿಲ್ಲ.”

ಚಹಾ ಮುಗಿಸಿ ಎದ್ದೆವು. ಚೀಲ ಮೇಜಿನ ಮೇಲೆಯೇ ಇತ್ತು, ಮರೆತಿದ್ದೀಯೆಂದು ನೆನಪಿಸಿದೆ.

“ಮರ್ತಿಲ್ಲ, ಬಿಟ್ಟೀನಿ,” ಎಂದಳು ಶಾಂತಾ.

ಮರಳುವ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರ್ ಹತ್ತಿರ ಬಂದಾಗ, “ಗುರುವಾರ ಮುಂಜಾನಿ ಸಿಂಧನೂರಿಂದ ರಾಯಚೂರಿಗೆ ಮೊದಲ ಬಸ್ ಎಷ್ಟಕ್ಕಪ್ಪಾ?” ಎಂದು ಕೇಳಿದಳು.

“ಐದೂವರಿಗೆ ಬಂದ್ ನಿಂತ್ರ ಸಿಗ್ತದವ್ವಾ.”

ಲಿಂಗಸುಗೂರಿನ ಕಡೆಯ ಮನೆಗಳು ಧೂಳಿನಲ್ಲಿ ಹಿಂದಕ್ಕೆ ಸರಿದವು. ಅತ್ತಲೇ ನೋಡುತ್ತ ಶಾಂತಾ ಹೇಳಿದಳು: “ನೀನೂ ಬಾ ಅಣ್ಣಾ. ಖರೇ, ನರ್ಸಮ್ಮನ ಕನ್ನಡ ಮಾತ್ರ ತಿದ್ದಬ್ಯಾಡ. ಹೋದ ಸಲ ನೀ ತಿದ್ದಿದ್ದಕ್ಕ ಸೂಜಿ ಭಾಳ ಜೋರ್ ಚುಚ್ಚ್ಯಾಳ.”