ಅಕ್ಕೋರ ಕಸೂತಿ ಅಳಿಸಿದ ದಿನ

2007ರ ಮಾತು. ಆಗ ನಾನು ತಾಳಿಕೋಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಲಿನಕ್ಸ್ ಕಲಿಸುತ್ತಿದ್ದೆ. ಕಲಿಯಲು ಬಂದವರು ದಿನಾ ಏನಾದರೊಂದು ಕೆಡಿಸಿ ಹೋಗುತ್ತಿದ್ದರು. ತಲೆಚಿಟ್ಟು ಹಿಡಿದು ನಾನೊಂದು ವ್ಯವಸ್ಥೆ ಮಾಡಿದೆ. ಮೂಲ ಸಿಸ್ಟಮ್ ಕೆಳಗಿನ ಪದರ, ಅದನ್ನು ಯಾರೂ ತಿದ್ದುವಂತಿಲ್ಲ. ಬದಲಿಸಿದ್ದೆಲ್ಲ ಮೇಲಿನ ಪದರಕ್ಕೆ ಹೋಗುತ್ತದೆ. ಎರಡೂ ಸೇರಿ ಒಂದೇ ಆಗಿ ಕಾಣುತ್ತವೆ. ಸಂಜೆ ಮೇಲಿನದನ್ನು ಅಳಿಸಿದರೆ ಮರುದಿನ ಎಲ್ಲ ಮೊದಲಿನಂತೆ. ಆದರೆ ಅವರವರ ಕೆಲಸ ಉಳಿಯಬೇಕಲ್ಲ? ಅದಕ್ಕೆ ಡಿಸ್ಕಿನಲ್ಲಿ ಬೇರೆ ಕಡೆ ಇದ್ದ ಫೋಲ್ಡರೊಂದನ್ನು ಬೈಂಡ್ ಮೌಂಟ್ ಮಾಡಿ, ಸೇರಿ ಕಾಣುವ ಆ ಸಿಸ್ಟಮ್ಮಿನೊಳಗೆ ಕಾಣುವಂತೆ ಜೋಡಿಸಿ, ಅವರ ಕೆಲಸವನ್ನೆಲ್ಲ ಅಲ್ಲಿ ಇಡಿಸುತ್ತಿದ್ದೆ. ನಕಲೇನಲ್ಲ, ಅದೇ ಫೋಲ್ಡರು ಎರಡು ಕಡೆ ಕಾಣುವುದು; ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಸಂಜೆ ಮೊದಲು ಅದನ್ನು ಬಿಡಿಸಿ, ಆಮೇಲೆ ಅಳಿಸಬೇಕು. ಇಷ್ಟು ಮಾಡಿದ್ದಕ್ಕೆ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು.

ಹೊಲಿಗೆ ಕಲಿಸುವ ನೀಲಮ್ಮ ಅಕ್ಕೋರು ಕಂಪ್ಯೂಟರ್ ಕಲಿಯಲು ಮುದ್ದೇಬಿಹಾಳದಿಂದ ಬಸ್ಸಿಗೆ ಬರುತ್ತಿದ್ದರು. ತೀರಿಹೋದ ಅವ್ವ ಸೀರೆಯ ಮೇಲೆ ಹಾಕಿದ್ದ ಕಸೂತಿಯನ್ನು ಎಳೆ ಎಣಿಸಿ, ಚೌಕ ಚೌಕವಾಗಿ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದರು. ಮೂರು ತಿಂಗಳಲ್ಲಿ ಇಪ್ಪತ್ತಾರು ನಮೂನೆ ಮುಗಿದಿದ್ದವು.

ಒಂದು ಸಂಜೆ ಕರೆಂಟ್ ಹೋಗುವ ಹೊತ್ತಾಗಿತ್ತು. ಫೋಲ್ಡರ್ ಬಿಡಿಸಲು ಹೋದರೆ, ಬಳಕೆಯಲ್ಲಿದೆ ಎಂದು ಕಂಪ್ಯೂಟರು ಒಪ್ಪಲಿಲ್ಲ. ಕೆಳಗಿನ ಪದರಕ್ಕಂತೂ ಧಕ್ಕೆಯಿಲ್ಲ, ಏನಾಗುತ್ತದೆ ಎಂದು ಸೇರಿ ಕಾಣುತ್ತಿದ್ದುದನ್ನೇ ಪೂರ್ತಿ ಅಳಿಸಿದೆ. ಕೆಳಗಿನ ಪದರಕ್ಕೆ ನಿಜವಾಗಿಯೂ ಏನೂ ಆಗಲಿಲ್ಲ. ಆ ಫೋಲ್ಡರು ಪದರದ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಅಕ್ಕೋರ ನಮೂನೆಗಳೂ ಸೇರಿ ಎಲ್ಲ ಹೋಗಿ ಅದು ಖಾಲಿಯಾಗಿತ್ತು. ಬೇರೆ ಪ್ರತಿ ಇಟ್ಟಿರಲಿಲ್ಲ.

ಮರುದಿನ ಅಕ್ಕೋರು ಬಂದು ಕುಳಿತರು. "ಸರ, ನನ್ನ ಚಿತ್ರ ಒಂದೂ ಕಾಣವಲ್ಲವ್ರಿ."

"ಏನರ ತಪ್ಪು ಒತ್ತಿರಬೇಕು ನೋಡ್ರಿ ಅಕ್ಕೋರ," ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

"ಹಂಗ ಇರಬೇಕ್ರಿ. ನನಗ ಇದೆಲ್ಲಿ ಬರತೈತಿ," ಎಂದು ಎದ್ದು ಹೋದರು.

ಎರಡು ದಿನ ಬಿಟ್ಟು ಚೀಲದಲ್ಲಿ ಒಂದು ಹೊಸ ಕೌದಿ ತಂದರು. ಹೇಗೂ ಕಂಪ್ಯೂಟರಿನಲ್ಲಿ ಬಂತಲ್ಲ ಎಂದು, ಜೀರ್ಣವಾದ ಆ ಸೀರೆಯನ್ನು ಹಳೆಯ ಬಟ್ಟೆಗಳ ನಡುವೆ ಇಟ್ಟು ಕೌದಿ ಹೊಲಿದುಬಿಟ್ಟಿದ್ದರಂತೆ. ನಮೂನೆಗಳನ್ನು ಮತ್ತೆ ಎಣಿಸಲೆಂದು ಈಗ ಅದನ್ನೇ ಬಿಚ್ಚುತ್ತಿದ್ದರು. ಬಿಚ್ಚಿದಲ್ಲೆಲ್ಲ ಸೀರೆ ಹರಿಯುತ್ತಿತ್ತು.

"ನನ್ನ ಕೈ ಸುಡ್ಲಿ. ಅವ್ವಂದು ನಾನ ಕಳದೆ," ಎಂದರು.

ನನಗೆ ತಡೆಯಲಾಗಲಿಲ್ಲ. "ನೀವಲ್ರಿ ಅಕ್ಕೋರ. ಅಳಿಸಿದಾಂವ ನಾನು."

ಅಕ್ಕೋರು ಇನ್ನೂ ನಾಲ್ಕು ಹೊಲಿಗೆ ಬಿಚ್ಚಿದರು. ಆಮೇಲೆ ಕತ್ತರಿ ನನ್ನ ಕಡೆ ಸರಿಸಿ, "ಆ ತುದಿ ಹಿಡೀರಿ," ಎಂದರು.

ಹತ್ತೊಂಬತ್ತು ನಮೂನೆ ಸಿಕ್ಕವು. ಏಳು ಹರಿದು ಹೋದವು. ಅಳಿಸುವ ಮುನ್ನ ಏನೇನು ಜೋಡಿಸಿದ್ದೇನೆ ಎಂದು ಈಗ ಎರಡು ಸಲ ನೋಡುತ್ತೇನೆ. ಅದು ಕೈಗೆ ರೂಢಿಯಾಗಿದೆ. ಆದರೆ ಅವತ್ತು ಬಸ್ಸಿಗೆ ಹೋಗುವಾಗ ಅಕ್ಕೋರು ಕೇಳಿದ್ದು ಹಾಗೇ ಉಳಿದಿದೆ: "ಅಳಿಸಿದ್ದು ಇರ್ಲಿ ಸರ, ಯಾರ ಕೈಯರ ತಪ್ಪತೈತಿ. ಎರಡು ದಿನ ನನ್ನ ನಾನ ಬೈಕೊಂಡೆನಲ್ರಿ, ಅದನ್ನ ಹೆಂಗ ಅಳಸ್ತೀರಿ?"